ಅಕ್ಕನ ಪೂಜೆಯ ನೀರಿಗೆ ಒಂದು ಪೈಪು

ನಾಲ್ಕು ವರ್ಷ ನಾನು ನಮ್ಮ ಅಕ್ಕನಿಗೆ ಅವಳ ಕಣ್ಣೆದುರಿಗೇ ಮೋಸ ಮಾಡಿದೆ. ಅವಳು ದಿನಾ ಬೆಳಿಗ್ಗೆ ಲಿಂಗಪೂಜೆ ಮಾಡಿದ ನೀರು ಬೇರೆ ಪೈಪಿನಲ್ಲಿ ಇಳಿದು ಬೇರೆ ಕ್ಯಾನಿಗೆ ಬೀಳುತ್ತದೆ ಎಂದು ಹೇಳಿದ್ದೆ. ಖರೇ ನೋಡಿದರೆ ಅದು ಬೀಳುತ್ತಿದ್ದದ್ದು ನಾವು ತಟ್ಟೆ ತೊಳೆದ ಮುಸುರೆ ನೀರಿನ ಟ್ಯಾಂಕಿಗೆ. ಕೇಳಿದವರು, ಇಷ್ಟಕ್ಕೇ ಏನು ಎನ್ನಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಅದಕ್ಕೇ ಅದು ನಾಲ್ಕು ವರ್ಷ ನಡೆಯಿತು.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ವಡಗಾವಿಯ ಓಣಿಯೊಂದರಲ್ಲಿ ನಮ್ಮದು ಎರಡು ಮಗ್ಗದ ಮನೆ. ಮುಂದಿನ ಕೋಣೆಯಲ್ಲಿ ಮಗ್ಗ, ಅದರ ಹಿಂದೆ ಅಡಿಗೆ, ಅದರ ಹಿಂದೆ ಒಬ್ಬರು ನಿಂತರೆ ಇನ್ನೊಬ್ಬರು ದಾಟಲಾಗದ ಹಿತ್ತಲು. ಅಪ್ಪ ತೀರಿಕೊಂಡ ಎರಡನೇ ವರ್ಷಕ್ಕೆ ಅವ್ವನೂ ಹೋದಳು. ಆಗ ನಾನು ಐದನೇ ಇಯತ್ತೆಯಲ್ಲಿದ್ದೆ. ಅಕ್ಕ ಟೀಚರ್ ಟ್ರೇನಿಂಗ್ ಮುಗಿಸಿ ಖಾನಾಪುರದ ಆಚೆ ಒಂದು ಹಳ್ಳಿಯ ಸರಕಾರಿ ಸಾಲೆಗೆ ಸೇರಿದ್ದಳು. ಮದುವೆ ಆಗಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಅವಳ ಉತ್ತರದೊಳಗೆ ನಾನೂ ಇರುತ್ತಿದ್ದೆ.

ಬೆಳಿಗ್ಗೆ ಐದಕ್ಕೆ ಎದ್ದು ಜಳಕ ಮಾಡಿ ಪೂಜೆಗೆ ಕೂತರೆ ಅವಳ ಬಾಯಿಂದ ಒಂದು ಮಾತು ಬರುತ್ತಿರಲಿಲ್ಲ. ಎಡಗೈಯಲ್ಲಿ ಲಿಂಗ, ಬಲಗೈಯಲ್ಲಿ ಸಣ್ಣ ತಂಬಿಗೆ, ಮುಂದೆ ತಟ್ಟೆ. ಲಿಂಗದ ಮೇಲೆ ಎರೆದ ನೀರು, ವಿಭೂತಿ, ಒಂದೆರಡು ಬಿಲ್ವಪತ್ರೆ ಆ ತಟ್ಟೆಯಲ್ಲಿ ಸೇರುತ್ತಿದ್ದವು. ಪೂಜೆ ಮುಗಿದ ಮೇಲೆ ಆ ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಹಿತ್ತಲಿನ ಕಣಗಿಲ ಗಿಡಕ್ಕೆ ಹಾಕಿ ಬರಲು ಹೇಳುತ್ತಿದ್ದಳು. ಅದು ಬಚ್ಚಲಿಗೆ ಬೀಳಬಾರದು. ಕಾಲು ತುಳಿಯುವಲ್ಲಿ ಬೀಳಬಾರದು. ಇಷ್ಟೇ ಅವಳ ಕಟ್ಟುಪಾಡು. ಬೇರೆ ಯಾವ ಮಡಿಯನ್ನೂ ಅವಳು ಹಚ್ಚಿಕೊಂಡವಳಲ್ಲ. ಸಾಲೆಯ ಮಕ್ಕಳ ಮೂಗು ಒರೆಸಿದ ಸೆರಗಿನಲ್ಲೇ ಊಟ ಮಾಡುತ್ತಿದ್ದಳು.

ಏಳನೇ ಇಯತ್ತೆ ಮುಗಿಸಿದ್ದೇ ನಾನು ಸಾಲೆ ಬಿಟ್ಟೆ. ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸುವ ಬಾಯಾರ ತಮ್ಮನೇ ಸಾಲೆ ಬಿಟ್ಟ ಎಂದು ಓಣಿಯವರು ನಕ್ಕರು. ನಮ್ಮ ಕಡೆ ಸಾಲೆ ಕಲಿಸುವ ಹೆಣ್ಣುಮಕ್ಕಳಿಗೆ ಬಾಯಾರು ಎನ್ನುವುದು ರೂಢಿ. ಅಕ್ಕ ಒಂದು ದಿನ ಅಡಿಪಟ್ಟಿ ತೆಗೆದುಕೊಂಡು ಬಡಿದಳು, ಮರುದಿನ ತಾನೇ ಕರೆದುಕೊಂಡು ಹೋಗಿ ಒಂದು ಗ್ಯಾರೇಜಿನಲ್ಲಿ ಬಿಟ್ಟು ಬಂದಳು. ಕಬ್ಬು ಹೊರುವ ಟ್ರ್ಯಾಕ್ಟರುಗಳಿಗೆ ಟ್ರೇಲರು ಕಟ್ಟುವ ಗ್ಯಾರೇಜು ಅದು. ನಾನು ಇವತ್ತಿಗೂ ಅಲ್ಲೇ ಇದ್ದೇನೆ. ವೆಲ್ಡಿಂಗ್ ಕಿಡಿಗೆ ದಾರ ಸುಡುತ್ತದೆ ಎಂದು ನೆಪ ಹೇಳಿ ಕೊರಳಿನ ಲಿಂಗ ತೆಗೆದು ಮನೆಯ ಮಾಡದಲ್ಲಿ ಇಟ್ಟೆ. ಅಕ್ಕ ಅದನ್ನು ನೋಡಿದಳು, ಒಂದು ಸ್ವಚ್ಛ ಅರಿವೆಯಲ್ಲಿ ಸುತ್ತಿಟ್ಟಳು.

ಅವಳ ನೌಕರಿಯೆಲ್ಲ ಒಂದೇ ದಾರಿಯಲ್ಲಿ ಕಳೆಯಿತು. ಬೆಳಗಾವಿಯಿಂದ ಖಾನಾಪುರದ ಬಸ್ಸು, ಅಲ್ಲಿಂದ ಹಳ್ಳಿಯ ಬಸ್ಸು, ಸಂಜೆ ಅದೇ ಎರಡು ಬಸ್ಸು. ನಿವೃತ್ತಿ ಆಗುವ ಹೊತ್ತಿಗೆ ನಾವು ವಡಗಾವಿ ಬಿಟ್ಟು ರಾಮತೀರ್ಥ ನಗರಕ್ಕೆ ಬಂದಿದ್ದೆವು. ಅವಳು, ನಾನು, ನನ್ನ ಹೆಂಡತಿ. ಅಕ್ಕನ ಮೊಣಕಾಲು ಅಷ್ಟರಲ್ಲಿ ಕೈಕೊಟ್ಟಿತ್ತು. ನಿವೃತ್ತಿಯ ಮರುವಾರ ಚಹಾ ಕುಡಿಯುತ್ತ ಕೇಳಿದೆ.

“ಅಕ್ಕಾ, ಈಗ ಪುರಸೊತ್ತು ಐತಿ. ಎಲ್ಲಿಗರ ಹೋಗೂಣು. ಕಾಶಿಗೆ ಹೋಗ್ತೀಯೇನು?”

“ಕಾಶಿ ಹಿಂದಾಗಡೆ ನೋಡೂಣು. ನನಗ ಖಾನಾಪುರ ರೋಡು ನೋಡೂದೈತಿ.”

“ದಿನಾ ನೋಡಿದ್ದ ಅಲ್ಲೇನು ಅದು?”

“ಬಸ್ಸಿನ್ಯಾಗ ಕುಂತು ನೋಡೇನಿ. ಇಳದು ನೋಡಿಲ್ಲ. ನಡುವ ಇಳದ್ರ ಸಾಲಿ ಗಂಟಿ ತಪ್ಪತಿತ್ತು. ಅದೂ ಅಲ್ದ, ಹೆಣ್ಣಮಕ್ಕಳು ಇಳದು ಎಲ್ಲಿ ಹೋಗಬೇಕೋ ತಮ್ಮಾ?”

ಆ ಕೊನೆಯ ಮಾತು ನನ್ನನ್ನು ತಟ್ಟಿತು. ಇಡೀ ನೌಕರಿಯ ಕಾಲ ಅವಳು ಬೆಳಿಗ್ಗೆ ಒಂದೇ ಕಪ್ಪು ಚಹಾ ಕುಡಿದು, ಬಾಯಾರಿದರೂ ನೀರು ಕುಡಿಯದೆ ಆ ದಾರಿ ಸವೆಸಿದ್ದಳು. ಈಗ ಮೊಣಕಾಲು ಮಡಚಲಾಗದೆ ಯಾರ ಮನೆಗೂ ಉಳಿಯಲು ಹೋಗುತ್ತಿರಲಿಲ್ಲ.

ಗ್ಯಾರೇಜಿನ ಮೂಲೆಯಲ್ಲಿ ಎರಡು ಗಾಲಿಯ ಒಂದು ಟ್ರೇಲರು ಬಿದ್ದಿತ್ತು. ರಸ್ತೆ ಮಾಡುವ ಗುತ್ತಿಗೆದಾರರು ಕಾವಲುಗಾರನಿಗೆಂದು ಮೇಲೆ ತಗಡಿನ ಕೋಣೆ ಕಟ್ಟಿಸಿದ್ದರು, ಆಮೇಲೆ ಬಿಟ್ಟು ಹೋಗಿದ್ದರು. ಮಾಲಕರನ್ನು ಕೇಳಿದೆ. “ಒಯ್ಯೋ ಮಾರಾಯಾ, ಜಾಗಾ ಖಾಲಿ ಆಗತೈತಿ,” ಎಂದರು. ಭಾನುವಾರಗಳಲ್ಲಿ ನಾನು ಅದನ್ನು ಮನೆ ಮಾಡಲು ಹತ್ತಿದೆ. ಒಂದು ಮಂಚ, ಎದುರಿಗೆ ಕೂರಲು ಒಂದು ಬಾಕು, ಒಂದು ಒಲೆಯ ಕಟ್ಟೆ, ತಟ್ಟೆ ತೊಳೆಯುವ ಬೇಸಿನ್ನು, ಪರದೆಯ ಹಿಂದೆ ಕೂತು ಜಳಕ ಮಾಡುವಷ್ಟು ಬಚ್ಚಲು, ಅದರ ಮೂಲೆಯಲ್ಲಿ ಕುರ್ಚಿಯಂಥ ಕಮೋಡು. ಕಮೋಡಿಗೆ ಅದರದೇ ಡಬ್ಬಿ ಇತ್ತು, ಹೊರಗಿನಿಂದ ಎಳೆದು ಒಯ್ದು ಯಾವುದಾದರೂ ಸಂಡಾಸಿನಲ್ಲಿ ಸುರಿಯುವಂಥದ್ದು. ಅದೊಂದು ನಾನು ಮಾಡಿದ್ದರಲ್ಲಿ ಸರಿಯಾದದ್ದು. ಉಳಿದ ನೀರಿನ ಕೆಲಸವೆಲ್ಲ ಸೊಟ್ಟ.

ನನಗೆ ಕಬ್ಬಿಣ ಗೊತ್ತು, ನೀರು ಗೊತ್ತಿಲ್ಲ. ಕಬ್ಬಿಣ ಬೆಸೆದಲ್ಲಿ ನಿಲ್ಲುತ್ತದೆ. ಬಚ್ಚಲಿನ ನೀರು ಮತ್ತು ಮುಸುರೆ ನೀರು ಬೀಳಲು ನೆಲದ ಅಡಿಗೆ ಒಂದು ಟ್ಯಾಂಕು ಕಟ್ಟಿದೆ. ಟ್ರೇಲರಿನ ನೆಲ ಭೂಮಿಯಿಂದ ಎರಡು ಅಡಿ ಎತ್ತರ. ಅಷ್ಟರಲ್ಲೇ ಅಚ್ಚು, ಚಾಸಿಯ ಕಬ್ಬಿಣದ ತೊಲೆಯಂಥ ಚಾನೆಲ್ಲು, ಪೈಪು, ಟ್ಯಾಂಕು ಎಲ್ಲ ಕೂಡಬೇಕು, ಮತ್ತೆ ರಸ್ತೆಯ ಗುಂಡಿಗೆ ಟ್ಯಾಂಕು ತಾಗಬಾರದು. ಹಾಗಾಗಿ ಪೈಪಿಗೆ ಇಳಿಜಾರು ಸಾಲಲಿಲ್ಲ. ಟ್ರೇಲರು ಸ್ವಲ್ಪ ಮುಂದಕ್ಕೆ ಬಾಗಿ ನಿಂತರೆ ಅಕ್ಕನ ಜಳಕದ ನೀರು ಹೋಗದೆ ಅವಳ ಪಾದದ ಸುತ್ತ ನಿಲ್ಲುತ್ತಿತ್ತು. ನಾನು ಹೊರಗೆ ಜ್ಯಾಕು ಹಚ್ಚಿ ಮುಂಭಾಗ ಎತ್ತುತ್ತಿದ್ದೆ. ಅವಳು ಒಳಗಿನಿಂದ ಕೂಗುತ್ತಿದ್ದಳು.

“ಇನ್ನೊಂದೀಟು ಎತ್ತೋ! ಹಿಮ್ಮಡ ಇನ್ನೂ ಮುಣಗೈತಿ!”

“ಈಗ?”

“ಬೆರಳು ಕಾಣಾಕತ್ತಾವು. ಇನ್ನೊಂದೀಟು!”

“ಅಕ್ಕಾ, ಇನ್ನಷ್ಟು ಎತ್ತಿದ್ರ ನೀನ ಹಿಂದಿನ ಬಾಗಲದಾಗಿಂದ ಉರುಳಿ ಬರ್ತಿ ನೋಡು.”

“ಬರ್ತೀನಿ. ಹಿಡಕೋ.”

ಆ ಟ್ಯಾಂಕು ಖಾಲಿ ಮಾಡುವ ವಾಲ್ವು ಎಡಗಾಲಿಯ ಹಿಂದೆ ಬಂದಿತ್ತು. ಪ್ರತಿ ಸಲ ನಾನು ಅಂಗಾತ ಮಲಗಿ, ಕೈ ಚಾಚಿ ತಿರುಗಿಸಬೇಕು. ತಿರುಗಿಸಿದ ಕೂಡಲೇ ತೋಳಿನ ಮೇಲೆ ಒಂದಿಷ್ಟು ಬೀಳದೆ ಬಿಡುತ್ತಿರಲಿಲ್ಲ. ರಸ್ತೆಯ ಕುಲುಕಿಗೆ ಪೈಪಿನ ಸೊಂಡಿಲಿನಂಥ ಬಾಗಿನಲ್ಲಿ ನಾತ ತಡೆಯಲು ನಿಂತ ನೀರು ತುಳುಕಿ ಹೋಗಿ, ಟ್ಯಾಂಕಿನ ನಾತ ಕೋಣೆಗೆ ಬರುತ್ತಿತ್ತು. ಅಕ್ಕ ಅರಿವೆಯ ಉಂಡೆ ಮಾಡಿ, ಅದರೊಳಗೆ ಬಟ್ಟೆಗೆ ನುಸಿ ಹತ್ತದಂತೆ ಇಡುವ ಡಾಂಬರ ಗುಳಿಗಿ ಇಟ್ಟು ಬಚ್ಚಲಿನ ತೂತಿಗೆ ತುರುಕುತ್ತಿದ್ದಳು. ನನ್ನ ಹೆಂಡತಿ ಒಂದು ಸಲ ಬಂದು ಮೂಗು ಮುಚ್ಚಿಕೊಂಡು ಇಳಿದಳು. “ಅಕ್ಕಾ-ತಮ್ಮಾ ಇಬ್ಬರೂ ಕೂಡಿ ಗಟಾರ ಜಗ್ಗಿಕೊಂಡು ಅಡ್ಡಾಡ್ರಿ,” ಎಂದು ಹೇಳಿ ಮುಂದೆ ಎಂದೂ ಹತ್ತಲಿಲ್ಲ.

ಆದರೂ ಆ ದಿನಗಳ ಸುಖವನ್ನು ನಾನು ಯಾವುದರ ಜೊತೆಗೂ ಬದಲಿಸಲಾರೆ. ಮಾಲಕರ ಹಳೆಯ ಜೀಪು ಮುಂದೆ, ನಮ್ಮ ಟ್ರೇಲರಿನ ಡಬ್ಬಿ ಹಿಂದೆ. ಅಕ್ಕ ನನ್ನ ಬಾಜುಕ್ಕೆ ಕೂತು, ಕೈಯಲ್ಲಿ ನೀರಿನ ಬಾಟಲಿ ಹಿಡಿದು, ಗುಟುಕು ಗುಟುಕಾಗಿ ಕುಡಿಯುತ್ತಿದ್ದಳು. ಆ ರಸ್ತೆಯಲ್ಲಿ ಅವಳು ನೀರು ಕುಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು. “ಇಲ್ಲಿ ನಿಂದ್ರಸು,” ಎನ್ನುತ್ತಿದ್ದಳು. ನಿಲ್ಲಿಸಿದರೆ ಒಂದು ಹಳೆಯ ಬಸ್ ಸ್ಟಾಪು. “ಇಲ್ಲೊಬ್ಬಾಕಿ ಮಸರಿನ ಗಡಗಿ ಹೊತ್ಕೊಂಡು ಹತ್ತತಿದ್ಲು. ಬಸ್ಸು ಕುಲಕಿದಾಗೊಮ್ಮೆ ನನ್ನ ಸೀರಿ ಮ್ಯಾಲ ಮಸರು.” ಮುಂದೆ ಒಂದು ಮಾವಿನ ಮರ. ಅದರ ಮೊದಲ ಕಾಯಿ ಯಾವ ತಿಂಗಳಲ್ಲಿ ಕಾಣುತ್ತದೆ ಎಂದು ಅವಳಿಗೆ ಕಿಟಕಿಯಿಂದಲೇ ಗೊತ್ತಿತ್ತು, ಕೆಳಗೆ ನಿಂತು ಕೊಂಬೆ ಮುಟ್ಟಿದ್ದು ಆವತ್ತೇ. ಖಾನಾಪುರದ ಹೊಳೆಯ ಸೇತುವೆಯ ಮೇಲೆ ಕಟ್ಟೆ ಹಿಡಿದು ಅರ್ಧ ತಾಸು ನಿಂತಳು. ಹಿಂದೆ ಲಾರಿಯವರು ಹಾರ್ನು ಹೊಡೆದರೂ ಅವಳಿಗೆ ಪರಿವೆಯಿಲ್ಲ.

ಮೊದಲ ಪ್ರವಾಸದಲ್ಲಿ ಅವಳು ಪೂಜೆಯ ನೀರನ್ನು ತಂಬಿಗೆಗೆ ಹಾಕಿಕೊಂಡು, ತಾನೇ ಮೆಟ್ಟಿಲಿಳಿದು ಗಿಡ ಹುಡುಕುತ್ತಿದ್ದಳು. ಮೂರನೇ ದಿನ ಇಬ್ಬನಿಗೆ ಕಬ್ಬಿಣದ ಮೆಟ್ಟಿಲು ಜಾರಿ ಕುಸಿದು ಕೂತಳು. ತಂಬಿಗೆ ಮಾತ್ರ ಕೈಯಲ್ಲಿ ನೆಟ್ಟಗೆ ಹಿಡಿದಿದ್ದಳು. ಮೊಣಕಾಲು ಬಾತು ವಾರಗಟ್ಟಲೆ ಮನೆಯಲ್ಲಿ ಮಲಗಿದಳು. ಎದ್ದ ಮೇಲೆ ನನ್ನನ್ನು ಕೇಳಿದ್ದು ಒಂದೇ.

“ತಮ್ಮಾ, ನಾ ಪೂಜಿಗೆ ಕುಂದ್ರೂ ಬಾಜುಕ ಒಂದು ಸಣ್ಣ ಬೇಸಿನ್ನು ಹಚ್ಚಿ, ಅದರ ನೀರು ಬ್ಯಾರೆ ಕ್ಯಾನಿಗೆ ಬೀಳೂಹಂಗ ಮಾಡಾಕ ಬರತೈತೇನು? ನೀ ಆ ಕ್ಯಾನು ಒಯ್ದು ಗಿಡಕ್ಕ ಹಾಕಿದ್ರ ನಾ ಇಳಿಯೂ ಕೆಲಸ ಇಲ್ಲ.”

“ಅದೇನ್ ದೊಡ್ಡ ಮಾತು? ಮಾಡ್ತೀನಿ.”

“ಬ್ಯಾರೆ ಪೈಪು ಮತ್ತ. ಆ ಮುಸುರಿ ಪೈಪಿಗೆ ಅಲ್ಲ.”

“ತಿಳೀತಕ್ಕಾ.”

ಬೇಸಿನ್ನು ಚೆಂದ ಮಾಡಿದೆ. ಸ್ಟೀಲಿನದು, ಅವಳು ಕೂರುವ ಸ್ಟೂಲಿನ ಎತ್ತರಕ್ಕೆ ಸರಿಯಾಗಿ, ಒಲೆಯ ಕಟ್ಟೆಗಿಂತ ಒಂದು ಗೇಣು ಕೆಳಗೆ. ಆದರೆ ಕೆಳಗೆ ಹೋಗಿ ನೋಡಿದರೆ, ಬೇಸಿನ್ನಿಗೂ ಹಿಂದೆ ತೂಗುಹಾಕಬೇಕಾದ ಕ್ಯಾನಿಗೂ ನಡುವೆ ಎರಡು ಚಾನೆಲ್ಲು ಅಡ್ಡ ಇದ್ದವು. ಅವುಗಳಲ್ಲಿ ತೂತು ಕೊರೆಯಬೇಕು, ಇಲ್ಲವೇ ಗಾಲಿಯ ಮೇಲಿನಿಂದ ಪೈಪು ಸುತ್ತಿಸಬೇಕು. ಒಂದು ಪೂರ್ತಿ ದಿನದ ಕೆಲಸ. ನಾಳೆಯೇ ಹೊರಡುವುದಿತ್ತು. ಮುಸುರೆಯ ಪೈಪು ಅಲ್ಲೇ, ಬೇಸಿನ್ನಿನ ಕೆಳಗೆ ಒಂದು ಗೇಣು ದೂರದಲ್ಲಿ ಹಾದು ಹೋಗಿತ್ತು. ನನ್ನ ಚೀಲದಲ್ಲಿ ಮೂರು ಬಾಯಿಯ ಒಂದು ಪ್ಲಾಸ್ಟಿಕ್ ಟೀ ಇತ್ತು. ಅಂಟು ಹಚ್ಚಿ ಕೂಡಿಸಿದೆ. ಐದು ನಿಮಿಷ. ಮೇಲೆ ತಗಡು ಹೊದಿಸಿ ಸ್ಕ್ರೂ ಬಿಗಿದೆ. ಬರುವ ವಾರ ಬಿಚ್ಚಿ ಸರಿ ಮಾಡಿದರಾಯಿತು ಎಂದುಕೊಂಡೆ. ಹಿಂದೆ ಒಂದು ಖಾಲಿ ಕ್ಯಾನು ತೂಗುಹಾಕಿ, ಅದರ ಬಾಯಿಗೆ ಒಂದು ತುಂಡು ಪೈಪು ಸಿಗಿಸಿದೆ. ಆ ತುಂಡು ಎಲ್ಲಿಂದಲೂ ಬರುತ್ತಿರಲಿಲ್ಲ.

ಆ ಬರುವ ವಾರ ಬರಲಿಲ್ಲ. ಸಮಯವಿರಲಿಲ್ಲ ಎಂದರೆ ಮತ್ತೊಂದು ಸುಳ್ಳಾಗುತ್ತದೆ. ನನ್ನೊಳಗೆ ಒಂದು ತಾತ್ಸಾರ ಇತ್ತು. ನೀರು ನೀರೇ, ತಗಡಿನ ಕೆಳಗೆ ಬಗ್ಗಿ ನೋಡುವವರು ಯಾರು ಎಂಬ ತಾತ್ಸಾರ. ಗ್ಯಾರೇಜಿನಲ್ಲಿ ನಾವು ಕೆಳಗಿನ ಬೆಸುಗೆಗೆ ಬಣ್ಣ ಹಚ್ಚುವುದಿಲ್ಲ. ಯಾರಿಗೂ ಕಾಣುವುದಿಲ್ಲವಲ್ಲ.

ಮೊದಲ ಬೆಳಿಗ್ಗೆಯೇ ಅಕ್ಕ ಕಿಟಕಿಯಿಂದ ಕೇಳಿದಳು.

“ಕ್ಯಾನಿಗೆ ಬಂತೇನು ನೀರು?”

“ಬಂತು.”

“ಹಂಗಾರ ಹಾಕಿ ಬಾ. ಎಲ್ಲಿ ಹಾಕ್ತಿ?”

“ಅಲ್ಲಿ ಗಿಡ ಐತಲ್ಲ, ಅದರ ಬುಡಕ.”

“ದನಾ ತುಳಿಯೂ ಜಾಗಾ ಅಲ್ಲಲ್ಲ?”

“ಅಲ್ಲಕ್ಕಾ.”

ಕ್ಯಾನು ಬಿಚ್ಚಿಕೊಂಡು ಟ್ರೇಲರಿನ ಹಿಂದೆ ಹೋದೆ. ಅಲ್ಲಿ ನಮ್ಮ ಕುಡಿಯುವ ನೀರಿನ ಟ್ಯಾಂಕಿನ ನಳ ಇತ್ತು. ಅರ್ಧ ತಂಬಿಗೆಯಷ್ಟು ನೀರು ಹಿಡಿದುಕೊಂಡು, ಗಿಡದ ಬಳಿ ಹೋಗಿ ಸುರಿದೆ. ತಿರುಗಿ ನೋಡಿದರೆ ಅಕ್ಕ ಕಿಟಕಿಯಲ್ಲಿ ನಿಂತು ಕೈ ಮುಗಿದಿದ್ದಳು. ನನಗೆ ಅಲ್ಲ, ಆ ನೀರಿಗೆ. ನಾನೂ ತಲೆ ಬಗ್ಗಿಸಿದೆ, ಹಾಗೆ ಮಾಡದಿದ್ದರೆ ಸರಿ ಕಾಣುವುದಿಲ್ಲ ಎಂದು.

ಎರಡನೇ ದಿನ ಸ್ವಲ್ಪ ಸುಲಭವಾಯಿತು. ಹತ್ತನೇ ದಿನಕ್ಕೆ ನನಗೇ ಅದು ನಿಜವಾದ ಕೆಲಸದಂತೆ ಅನಿಸುತ್ತಿತ್ತು. ಒಮ್ಮೊಮ್ಮೆ ಕ್ಯಾನಿಗೆ ಒಂದು ಬಿಲ್ವದ ಎಲೆ ಕೂಡ ಹಾಕುತ್ತಿದ್ದೆ. ಇದನ್ನೂ ಬರೆಯಬೇಕು. ಅಷ್ಟು ಮಟ್ಟಕ್ಕೆ ಹೋಗಿದ್ದೆ.

ಖಾನಾಪುರದಲ್ಲಿ ನಾವು ಪ್ರತಿ ಸಲ ಇಳಿಯುತ್ತಿದ್ದದ್ದು ಒಬ್ಬ ಮುದುಕಿಯ ಅಂಗಳದಲ್ಲಿ. ಹಂಚು, ಗಿಡ ನೆಡುವ ಕುಂಡಲಿ ಮಾಡುವ ಮನೆತನದವಳು, ಮರಾಠಿ ಮಾತಾಡುವವಳು. ನಾವು ಅವಳಿಗೆ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಅಕ್ಕ ಬಸ್ಸು ಬದಲಿಸುತ್ತಿದ್ದ ಕಾಲದಲ್ಲಿ ಇಬ್ಬರೂ ಸ್ಟ್ಯಾಂಡಿನಲ್ಲಿ ದಿನಾ ಒಬ್ಬರನ್ನೊಬ್ಬರು ನೋಡಿ ನಕ್ಕವರು, ಆದರೆ ಮಾತಾಡಿದವರಲ್ಲ. ಮೊದಲ ಸಲ ನಮ್ಮ ಡಬ್ಬಿ ಅವಳ ಮನೆಯ ಮುಂದೆ ನಿಂತಾಗ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟಳು.

“ಅಗಬಾಯಿ! ಬಾಯಾರ, ಇಷ್ಟ ವರ್ಷ ಬಸ್ಸಿನ್ಯಾಗ ಬಂದ್ರಿ, ಈಗ ಮನೀನ ತೊಗೊಂಡು ಬಂದ್ರೇನ್ರಿ?”

“ಮನಿಗೆ ಜಾಗಾ ಕೊಡ್ತೀರೇನ್ರಿ ನಾಕ ದಿನಾ?”

“ಬರ್ರಿ, ಬರ್ರಿ. ಕುಂಡಲಿ ಒಡೀದಂಗ ಒಂದು ನಿಂದ್ರಸ್ರಿ. ಕಾಯ್ ಭಾವೂ, ಗಾಡಿ ನೀವ ಹೊಡೀತೀರಿ?” ಎಂದು ನನ್ನ ಕಡೆ ತಿರುಗಿದಳು.

ಆ ಅಂಗಳದಲ್ಲಿ ಕಳೆದ ಸಂಜೆಗಳು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿವೆ. ಇಬ್ಬರೂ ಬಾಕಿನ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಇವಳದು ಕನ್ನಡ, ಅವಳದು ಅರ್ಧ ಮರಾಠಿ. ಮಾತು ಎಲ್ಲೂ ತಡೆಯುತ್ತಿರಲಿಲ್ಲ. ಹಸಿ ಮಣ್ಣಿನ ವಾಸನೆ, ಭಟ್ಟಿಯ ಹೊಗೆ. ಅಕ್ಕ ಕಾಲು ಚಾಚಿಕೊಂಡು ನಗುತ್ತಿದ್ದಳು. ಮನೆಯಲ್ಲಿ ಅವಳು ಹಾಗೆ ಕಾಲು ಚಾಚಿದ್ದು ನಾನು ಕಂಡಿಲ್ಲ. ಮಾವಶಿಯ ಅಂಗಳದ ಕುಂಡಗಳಲ್ಲಿ ಸೇವಂತಿಗೆ ಇತ್ತು. ಅಲ್ಲಿಯೂ ದಿನಾ ಬೆಳಿಗ್ಗೆ ನಾನು ನಳದ ನೀರು ಸುರಿದೆ. ಮಾವಶಿ ಪಾಪ, ತನ್ನ ಗಿಡಕ್ಕೆ ಬಾಯಾರ ಪೂಜೆಯ ನೀರು ಬಿತ್ತೆಂದು ಆ ಮೊದಲ ಹೂವನ್ನು ಕಿತ್ತು ಅಕ್ಕನಿಗೇ ತಂದು ಕೊಡುತ್ತಿದ್ದಳು.

ಒಂದು ಸಲ ನಂದಗಡಕ್ಕೆ ಹೋದೆವು. ಅಲ್ಲಿ ಬ್ರಿಟಿಷರು ಗಲ್ಲಿಗೇರಿಸಿದ ವೀರನ ಸಮಾಧಿಯ ಮೇಲೆ ಬೆಳೆದ ಆಲದ ಮರ ಇದೆ. ಅಕ್ಕ ತನ್ನ ಸಾಲೆಯ ಮಕ್ಕಳಿಗೆ ಆ ಪಾಠ ವರ್ಷಾ ವರ್ಷಾ ಹೇಳಿದವಳು, ಮರ ನೋಡಿದ್ದು ಅದೇ ಮೊದಲು. ಆವತ್ತು ಪೂಜೆ ಅರ್ಧ ತಾಸು ಹೆಚ್ಚು ನಡೆಯಿತು. ಮುಗಿದ ಮೇಲೆ ಅವಳು ನನ್ನ ತೋಳು ಹಿಡಿದು ತಾನೇ ಮೆಟ್ಟಿಲಿಳಿದಳು. ನಾನು ಕ್ಯಾನು ಹಿಡಿದು ಮುಂದೆ, ಅವಳು ಹಿಂದೆ. ಮರದ ಬೇರಿನ ಬಳಿ ಕಾಲು ಬೀಳದ ಜಾಗ ನೋಡಿ ಸುರಿದೆ. ಅವಳು ಕಣ್ಣು ಮುಚ್ಚಿ ನಿಂತಿದ್ದಳು. ಕಣ್ಣಲ್ಲಿ ನೀರಿತ್ತು.

“ನನ್ನ ಸಾಲಿ ಮಕ್ಕಳ ಲೆಕ್ಕದಾಗ ಇದು,” ಎಂದಳು.

ಆವತ್ತು ಹೇಳಬಹುದಿತ್ತು. ಹೇಳಬೇಕಿತ್ತು. ಜೀಪು ಹೊಡೆಯುತ್ತ ಎರಡು ಸಲ ಬಾಯಿ ತೆರೆದೆ. ಎರಡನೇ ಸಲ ಅವಳು “ಏನೋ?” ಎಂದಳು. “ಹಸಿವಾಗೈತಿ,” ಎಂದೆ. ಚೀಲದಿಂದ ಗರಗರಿ ಚಕ್ಕುಲಿ ತೆಗೆದು ಮುರಿದು ಮುರಿದು ನನ್ನ ಬಾಯಿಗೆ ಹಾಕುತ್ತ ಬಂದಳು.

ಕೊನೆಗೆ ಹೇಳಿದ್ದು ನಾನಲ್ಲ, ಪೈಪು.

ಕಳೆದ ವರ್ಷ ಸುಗ್ಗಿಯ ಕಾಲ, ಮಾವಶಿಯ ಅಂಗಳ. ಅಕ್ಕ ಜಳಕ ಮಾಡಿ ಪೂಜೆಗೆ ಕೂತಿದ್ದಳು. ನನಗೆ ಹಸಿವು ತಡೆಯದು, ಪೂಜೆ ಮುಗಿಯುವ ತನಕ ಕಾಯುವ ರೂಢಿ ನನ್ನದಲ್ಲ. ಹಿಂದಿನ ದಿನದ ಅನ್ನಕ್ಕೆ ಒಗ್ಗರಣೆ ಹಾಕಿ ತಿಂದು, ಬೋಗುಣಿ, ತಟ್ಟೆ ಎಲ್ಲ ಒಲೆಯ ಕಟ್ಟೆಯ ಬೇಸಿನ್ನಿಗೆ ಹಾಕಿ ತೊಳೆಯಲು ಹತ್ತಿದೆ. ನೀರು ನಿಧಾನ ಇಳಿಯುತ್ತಿತ್ತು. ಕಡ್ಡಿ ಹಾಕಿ ಕೆದಕಿ, ಒಂದು ಬಕೆಟ್ಟು ನೀರು ಒಮ್ಮೆಲೇ ಸುರಿದೆ. ಗುಳುಗುಳು ಎಂದು ಇಳಿಯಿತು. ಸರಿಹೋಯಿತು ಎಂದುಕೊಂಡೆ.

ಇಳಿದದ್ದು ಟ್ಯಾಂಕಿಗಲ್ಲ. ಟೀಯಿಂದ ಮುಂದಿನ ಪೈಪು ಅನ್ನ, ಎಣ್ಣೆಯ ಜಿಡ್ಡು ಕಟ್ಟಿ ಮುಚ್ಚಿತ್ತು. ನಾನು ಸುರಿದ ನೀರಿಗೆ ಹೋಗಲು ಇದ್ದ ದಾರಿ ಒಂದೇ. ಒಲೆಯ ಕಟ್ಟೆಗಿಂತ ಒಂದು ಗೇಣು ಕೆಳಗಿದ್ದ ಅಕ್ಕನ ಬೇಸಿನ್ನು.

ಅವಳು ಕೂಗಲಿಲ್ಲ. ಲಿಂಗ ಕೈಯಲ್ಲಿದ್ದಾಗ ಅವಳು ಮಾತಾಡುವುದಿಲ್ಲ. ನಾನು ತಿರುಗಿ ನೋಡಿದಾಗ ಎಡಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಿದ್ದಳು. ಕೆಳಗೆ, ಪೂಜೆಯ ತಟ್ಟೆ ಇಟ್ಟಿದ್ದ ಬೇಸಿನ್ನು ತುಂಬುತ್ತಿತ್ತು. ಬಿಲ್ವಪತ್ರೆಯ ಸುತ್ತ ಅನ್ನದ ಅಗುಳು, ಅರಿಶಿನದ ಎಣ್ಣೆ, ಒಂದು ಕರಿಬೇವಿನ ಎಲೆ. ಅಂಚಿನ ತನಕ ಬಂದು ನಿಂತಿತು. ಅವಳು ಕಣ್ಣು ಮುಚ್ಚಿ ಉಳಿದ ಪೂಜೆ ಮುಗಿಸಿದಳು. ಲಿಂಗವನ್ನು ಒರೆಸಿ ಕೊರಳಿಗೆ ಹಾಕಿಕೊಂಡಳು. ಆಮೇಲೆ ಕರೆದಳು.

“ತಮ್ಮಾ, ಇಲ್ಲಿ ಬಾ. ಇದೇನಿದು?”

“ಎಲ್ಲ್ಯರ ಪೈಪು ಒಡದಿರಬೇಕಕ್ಕಾ.”

“ಒಡದ್ರ ಕೆಳಗ ಸೋರತೈತಿ. ಮ್ಯಾಲ ಹೆಂಗ ಬರತೈತಿ?”

“ನೋಡ್ತೀನಿ,” ಎಂದು ಕೆಳಗೆ ನುಸುಳಿದೆ. ಅವಳೂ ಮೆಟ್ಟಿಲ ಸರಳು ಹಿಡಿದು ಒಂದೊಂದೇ ಇಳಿದಳು. ಮಾವಶಿ ಒಂದು ಕುರ್ಚಿ ತಂದು ಹಾಕಿದಳು.

“ಕಾಯ್ ಝಾಲಂ, ಬಾಯಾರ? ಬಿದ್ರೇನ್ರಿ?”

“ಬಿದ್ದಿಲ್ಲ ಮಾವಶಿ. ನೋಡಾಕತ್ತೀನಿ.”

ನಾನು ಸ್ಕ್ರೂ ಬಿಚ್ಚುವ ನಾಟಕ ಮಾಡುತ್ತ ಎಷ್ಟು ಹೊತ್ತು ತಳ್ಳಬಹುದಿತ್ತು? ತಗಡು ಕೈಗೆ ಬಂತು. ಅವಳು ಕುರ್ಚಿಯಲ್ಲೇ ಕತ್ತು ಬಗ್ಗಿಸಿ ನೋಡಿದಳು. ಮೇಲಿನಿಂದ ತನ್ನ ಪೈಪು, ಬಾಜುಕ್ಕೆ ಮುಸುರೆಯ ಪೈಪು, ನಡುವೆ ಮೂರು ಬಾಯಿಯ ಟೀ. ಅದರ ಸುತ್ತ ನಾಲ್ಕು ವರ್ಷದ ಧೂಳು ಕೂತಿತ್ತು.

“ಇದು ಒಡದದ್ದಲ್ಲ, ತಮ್ಮಾ,” ಎಂದಳು. “ಕೂಡಿಸಿದ್ದು.”

ನಾನು ಅಂಗಾತ ಮಲಗಿಯೇ ಇದ್ದೆ. ಎದ್ದರೆ ಅವಳ ಮುಖ ನೋಡಬೇಕಾಗುತ್ತಿತ್ತು.

“ಮತ್ತ ದಿನಾ ಗಿಡಕ್ಕ ಏನ್ ಹಾಕ್ತಿದ್ದಿ?”

“ನಳದ ನೀರು.”

“ದಿನಾ?”

“ದಿನಾ.”

“ನಂದಗಡದಾಗ?”

“ಅಲ್ಲೂ.”

ಮಾವಶಿಗೆ ಏನು ತಿಳಿಯಿತೋ, ಒಳಗೆ ಹೋದಳು.

“ದೇವ್ರಿಗೆ ಇದರಿಂದ ಏನೂ ಆಗಿಲ್ಲ,” ಎಂದಳು ಅಕ್ಕ. “ಅಂವಗ ಮುಸುರಿನೂ ಒಂದ, ಗಿಡಾನೂ ಒಂದ. ನೀ ಆಗಂಗಿಲ್ಲಕ್ಕಾ ಅಂದಿದ್ರ ನಾನ ಬಾಟಲ್ಯಾಗ ಇಟ್ಕೊಂಡು ಮನಿಗೆ ಒಯ್ತಿದ್ನಿ. ಅಷ್ಟ ಇತ್ತು. ಅದನ್ನ ಬಿಟ್ಟು ನನ್ನ ಮುಂದ ಕ್ಯಾನು ಹಿಡಕೊಂಡು ನಡದಿ.” ಆ ಟೀಯನ್ನೇ ನೋಡುತ್ತ, “ನಾ ಹಿಂದಿಂದ ಬಂದೆ,” ಎಂದಳು.

ಆಮೇಲೆ, “ಕೊಯ್ಯಿ ಅದನ್ನ,” ಎಂದಳು. ನಾನು ಗರಗಸದ ಬ್ಲೇಡಿನಿಂದ ಆ ಟೀಯನ್ನು ಕೊಯ್ಯುವ ತನಕ ಅಲ್ಲೇ ಕೂತಿದ್ದಳು. ಮುಸುರೆಯೆಲ್ಲ ನನ್ನ ಎದೆಯ ಮೇಲೆ ಸುರಿಯಿತು. ನೋಡಿ ನಗಲಿಲ್ಲ. ಮೊದಲಾಗಿದ್ದರೆ ನಗುತ್ತಿದ್ದಳು.

ಮನೆಗೆ ಬಂದ ಮೇಲೆ ಅವಳು ಸಿಟ್ಟು ಮಾಡಲಿಲ್ಲ, ಮಾತು ಬಿಡಲಿಲ್ಲ. ನನ್ನ ತಟ್ಟೆಗೆ ಬಿಸಿ ರೊಟ್ಟಿ ಹಾಕುತ್ತಾಳೆ, ಚಟ್ನಿ ಸಾಕೇನು ಎಂದು ಕೇಳುತ್ತಾಳೆ. ಆದರೆ ಒಂದು ಬದಲಾಗಿದೆ. “ಗ್ಯಾಸು ಬಂದ್ ಮಾಡೀಯೇನು?” ಎಂದು ಕೇಳುತ್ತಾಳೆ. “ಮಾಡೀನಕ್ಕಾ,” ಎನ್ನುತ್ತೇನೆ. ಮೊದಲು ಅಲ್ಲಿಗೆ ಮುಗಿಯುತ್ತಿತ್ತು. ಈಗ ಮೊಣಕಾಲು ಹಿಡಿದು ಎದ್ದು ಹೋಗಿ, ಕೈ ಹಾಕಿ ನೋಡಿ ಬರುತ್ತಾಳೆ. ಹೆಂಡತಿಗೆ ಇದು ಕಂಡಿಲ್ಲ. ನನಗೆ ಕಾಣುತ್ತದೆ.

ಮುಂದಿನ ಭಾನುವಾರವೇ ನಾನು ಹೊಸ ಪೈಪು ಹಾಕಲು ಹತ್ತಿದೆ. ಈ ಸಲ ತಗಡಿನ ಕೆಳಗೆ ಅಲ್ಲ. ಗಾರೆ ಕೆಲಸದ ಗೌಂಡಿಗಳು ಮಟ್ಟ ನೋಡಲು ಬಳಸುವ, ಒಳಗಿನ ನೀರು ಕಾಣುವ ಪೈಪು ತಂದೆ. ಬೇಸಿನ್ನಿನಿಂದ ಹೊರಟು ಕೋಣೆಯ ಗೋಡೆಗುಂಟ, ಮಂಚದ ಅಂಚಿನಲ್ಲಿ, ಎಲ್ಲರ ಕಣ್ಣಿಗೆ ಬೀಳುವ ಹಾಗೆ ಕ್ಲಿಪ್ಪು ಹೊಡೆದು, ಬಾಗಿಲ ಪಕ್ಕದಲ್ಲಿ ಒಂದು ಗಾಜಿನ ಬರಣಿಗೆ ಇಳಿಸಿದೆ. ನೋಡಲು ಚೆಂದ ಇಲ್ಲ. ದವಾಖಾನೆಯ ಹಾಗೆ ಕಾಣುತ್ತದೆ. ಒಬ್ಬನೇ ಕೂತು ಮೂರು ಸಲ ನೀರು ಸುರಿದು ನೋಡಿದೆ, ಒಂದು ಹನಿ ಎಲ್ಲೂ ತಪ್ಪಲಿಲ್ಲ. ಅಕ್ಕನನ್ನು ಕರೆದು ತೋರಿಸಿದೆ. ಅವಳು ಬೆರಳಿನಿಂದ ಪೈಪನ್ನು ಈ ತುದಿಯಿಂದ ಆ ತುದಿಯ ತನಕ ಮುಟ್ಟುತ್ತ ಬಂದಳು.

“ಎಷ್ಟ ದಿನಾ ಹಿಡೀತು?” ಎಂದಳು.

“ಒಂದ ದಿನಾ.”

“ಒಂದ ದಿನಾ,” ಎಂದು ಅವಳೂ ಅಂದಳು.

ಈ ವರ್ಷ ಮತ್ತೆ ಹೊರಟೆವು. ಬರುವುದಿಲ್ಲ ಎನ್ನುತ್ತಾಳೆಂದು ಹೆದರಿದ್ದೆ, ಎನ್ನಲಿಲ್ಲ. ಬಾಜುಕ್ಕೆ ಕೂತು ನೀರು ಕುಡಿಯುತ್ತ, ಯಾವ ಸ್ಟಾಪಿನಲ್ಲಿ ಯಾರು ಹತ್ತುತ್ತಿದ್ದರು ಎಂದು ಹೇಳುತ್ತ ಬಂದಳು. ಮಾವಶಿಯ ಅಂಗಳದಲ್ಲಿ ಇಳಿದೆವು. ಬೆಳಿಗ್ಗೆ ಅವಳು ಪೂಜೆ ಮುಗಿಸಿ ತಟ್ಟೆಯ ನೀರನ್ನು ಬೇಸಿನ್ನಿಗೆ ಬಿಟ್ಟಳು. ನಾನು ಒಲೆಯ ಬಳಿ ನಿಂತು ನೋಡುತ್ತಿದ್ದೆ. ಹಿಂದೆಲ್ಲ ನೀರು ಬಿಟ್ಟ ಕೂಡಲೇ ಅವಳು ಎದ್ದು ಕನ್ನಡಿಯ ಕಡೆ ತಿರುಗಿ, ಏನ್ ಮಾಡೀ ನಾಷ್ಟಾಕ ಎಂದು ಕೇಳುತ್ತ ತುರುಬು ಕಟ್ಟುತ್ತಿದ್ದಳು. ನೀರು ಎಲ್ಲಿ ಹೋಯಿತೆಂದು ತಿರುಗಿ ನೋಡುತ್ತಿರಲಿಲ್ಲ. ನಾನು ಅಷ್ಟು ನಂಬಿಕೆಯ ಮನುಷ್ಯನಾಗಿದ್ದೆ ಎಂದು ಆಗ ನನಗೇ ಗೊತ್ತಿರಲಿಲ್ಲ.

ಈಗ ಅವಳು ಏಳಲಿಲ್ಲ. ವಿಭೂತಿಯ ಬಿಳುಪು ಕಲೆತ ಆ ಸ್ವಲ್ಪ ನೀರು ಪೈಪಿನಲ್ಲಿ ನಿಧಾನಕ್ಕೆ ಹೊರಟಿತು. ಮಂಚದ ಅಂಚಿಗೆ ಬಂತು, ಮೂಲೆಯಲ್ಲಿ ತುಸು ತಡೆಯಿತು, ಬಾಗಿಲಿನ ಕಡೆ ಇಳಿಯಿತು. ಅವಳ ಕಣ್ಣು ಅದರ ಜೊತೆಗೇ ಹೋಯಿತು. ಬರಣಿಯೊಳಗೆ ಕೊನೆಯ ಹನಿ ಬಿದ್ದ ಮೇಲೆ, “ಹಾಕಿ ಬಾ,” ಎಂದಳು.

ನಾನು ಬರಣಿ ಎತ್ತಿಕೊಂಡು ಸೇವಂತಿಗೆಯ ಕುಂಡದ ಕಡೆ ನಡೆದೆ. ಕಿಟಕಿಯಿಂದ ಅವಳು ನೋಡುತ್ತಿದ್ದಳು. ನಾಳೆಯೂ ನೋಡುತ್ತಾಳೆ. ನೋಡಲಿ ಎಂದೇ ನಾನು ಆ ಪೈಪು ಹಾಕಿದ್ದು, ಆದರೂ ಒಂದು ದಿನ ಅವಳು ನೋಡದೆ ತುರುಬು ಕಟ್ಟಲು ಏಳುತ್ತಾಳೇನೋ ಎಂದು ದಿನಾ ಬೆಳಿಗ್ಗೆ ಒಲೆಯ ಬಳಿ ನಿಂತು ಕಾಯುತ್ತೇನೆ.